ಕೆಂಪಾದ ಎಳೆಗಳು

ಕಳೆದ ತಿಂಗಳು ಬ್ಯಾಂಕಾಕ್‌ನ ಒಂದು ಗಲ್ಲಿಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ನಿಂಬೆಸಿಪ್ಪೆಯನ್ನು ಹಸಿಹುಲ್ಲಿನ ಜೊತೆ ಜಜ್ಜಿದ ಹಾಗೆ... ಅಂಗಡಿಯ ಗಾಜಿನ ಜಾಡಿಯಲ್ಲಿ ಗಾಂಜಾ ಹೂಗಳು.

"ಅಮ್ಮಾ, ಹತ್ರ ಹೋಗ್ಬೇಡ ಲಾ! ನಾವು ಸಿಂಗಾಪುರಕ್ಕೆ ವಾಪಸ್ ಹೋಗ್ಬೇಕು," ಎಂದು ಮಗಳು ಅಲ್ಲಿನ ಧಾಟಿಯಲ್ಲೇ ಗದರಿ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಹೂವಿನ ಎಳೆಗಳು ತುಕ್ಕಿನ ಬಣ್ಣಕ್ಕೆ ತಿರುಗಿ ಒಳಕ್ಕೆ ಮುದುಡಿದ್ದವು.

ಹಾಗೆ ನೋಡುವುದನ್ನು ನನಗೆ ಹೇಳಿಕೊಟ್ಟವರು ಸಿಂಗಾಪುರದ ಬೆಡೋಕ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಆಂಟಿ.

ಆಂಟಿ ಯಾದಗಿರಿ ಕಡೆಯವರು. ಅವರ ಊರಿನ ಮಠದಲ್ಲಿ ಅಜ್ಜಾರ ಗದ್ದುಗೆಗೆ ಏರಿಸಿದ ಭಂಗಿಯೇ, ಅಂದರೆ ಗಾಂಜಾವೇ, ಪ್ರಸಾದ. ಆ ಗಿಡಗಳನ್ನು ನೋಡಿಕೊಳ್ಳುತ್ತಿದ್ದವರು ಅವರ ತಂದೆ. ತಂದೆ ಮೊದಲ ಸಲ ಮಗಳ ಮನೆಗೆ ಬಂದ ಮಧ್ಯಾಹ್ನ ನಾನು ಮಜ್ಜಿಗೆಹುಳಿ ಕೊಡಲು ಹೋಗಿದ್ದೆ. ಅವರು ಧೋತರದ ಗಂಟಿನಿಂದ ಪೊಟ್ಟಣ ತೆಗೆದರು.

"ತಗೋವಾ, ಮಠದ ಅಜ್ಜಾರ ಪ್ರಸಾದ."

ಬಿಚ್ಚಿ ನೋಡಿದ ಆಂಟಿ ಓಡಿಹೋಗಿ ಬಾಗಿಲು ಹಾಕಿದರು. "ಯಪ್ಪಾ, ಇದನ್ನ ವಿಮಾನದಾಗ ತಂದ್ಯಾ? ಇಲ್ಲಿ ಇದಕ್ಕ ಜೀವಾನೇ ತೆಗೀತಾರ!"

"ದೇವರ ಪ್ರಸಾದಕ್ಕ ಯಾರು ಏನು ಮಾಡ್ತಾರ?" ಮುದುಕರು ನಕ್ಕರು. "ಚಲೋ ಹಣ್ಣಾಗೇದ ನೋಡು, ನಾನೇ ಕೊಯ್ದದ್ದು."

ಆಂಟಿ ಪೊಟ್ಟಣ ಹಿಡಿದು ಬಾತ್‌ರೂಮಿಗೆ ನಡೆದರು. ಫ್ಲಶ್ ಸದ್ದು ಕೇಳಿತು. ಮುದುಕರ ನಗು ತುಟಿಯಲ್ಲೇ ನಿಂತಿತು. "ಅಜ್ಜಾರನ್ನ ಅಲ್ಲಿ ಹಾಕಿದ್ಯಾ?" ಎಂದಷ್ಟೇ ಕೇಳಿದರು. ಆಮೇಲೆ ಆ ಮನೆಯ ನೀರನ್ನೂ ಮುಟ್ಟಲಿಲ್ಲ. ಮರುದಿನವೇ ಹೊರಟುಹೋದರು. ಸಾಯುವ ತನಕ ಮಗಳ ಫೋನಿಗೆ ಓಗೊಡಲಿಲ್ಲ.

ವರ್ಷಗಳ ನಂತರವೂ ಆಂಟಿ ತುಳಸಿಯ ತೆನೆ ಸವರುತ್ತಾ ಕೂತಲ್ಲೇ ಭಂಗಿ ಗಿಡದ ಮಾತು ಶುರುಮಾಡುತ್ತಿದ್ದರು. "ಎಳೆ ಬೆಳ್ಳಗಿದ್ರ ಹಸಿ. ಕೆಂಪಾಗಿ ಮುದುಡಿದ್ರ ಹಣ್ಣು. ಮ್ಯಾಲಿನ ಅಂಟು ಮೊದಲು ಗಾಜಿನಂಗ, ಆಮ್ಯಾಲ ಹಾಲಿನಂಗ, ಕಡೀಕ ಜೇನಿನಂಗ... ಅಪ್ಪ ಹೆಗಲ ಮ್ಯಾಲ ಕೂಡಿಸ್ಕೊಂಡು ತೋರಿಸ್ತಿದ್ದ." ತಟ್ಟನೆ ಬಾತ್‌ರೂಮಿನತ್ತ ಕಿವಿಗೊಡುತ್ತಿದ್ದರು. "ಒಳಗ ನೀರು ಬಿಟ್ಟೋರು ಯಾರು?"

ಮನೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು.

"ನಾ ಅಪ್ಪನ ಜೀವ ಉಳಿಸಿದ್ನೋ, ತೆಗದ್ನೋ?" ಎಂದು ಒಮ್ಮೆ ಕೇಳಿದರು. ನಾನು ಅವರ ಕೈ ಹಿಡಿದುಕೊಂಡೆ. ತುಳಸಿ ಸವರಿದ ಹೆಬ್ಬೆರಳು ತಣ್ಣಗಿತ್ತು...

ಈಗ ಆಂಟಿಯೂ ಇಲ್ಲ. ತಮ್ಮ ಬೂದಿಯನ್ನು ನೀರಿಗೆ ಮಾತ್ರ ಬಿಡಬೇಡಿ ಎಂದಿದ್ದರಂತೆ. ಅವರ ಗಂಡ ಅದನ್ನು ಊರಿಗೆ ಒಯ್ದು, ತಂದೆಯನ್ನು ಹೂಳಿದ ಮಣ್ಣಿಗೇ ಸೇರಿಸಿ ಬಂದರು. ಅಲ್ಲಾದರೂ ಮುದುಕರು ಮಗಳನ್ನು ಮಾತಾಡಿಸಿದರೋ ಇಲ್ಲವೋ... ಎದುರಿನ ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿಗಳಿವೆ. ನಾನು ಯಾರನ್ನು ಕೇಳಲಿ?