ಸೂಜಿಯ ಬಲಗಿವಿ

ನಮ್ಮ ಭಾವ ಹೆದರದೇ ಇರುವ ವಸ್ತು ಈ ಭೂಮಂಡಲದಲ್ಲಿ ಒಂದೇ ಒಂದು: ಡೆತ್‌ಕೋರ್ ಸಂಗೀತ. ಮಿಕ್ಕ ಎಲ್ಲದಕ್ಕೂ ಅವರು ಭೇದಭಾವವಿಲ್ಲದೆ ಹೆದರುತ್ತಾರೆ. ಹಲ್ಲಿಗೆ ಹೆದರುತ್ತಾರೆ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಾರೆ. ಹತ್ತಿದ ಮೇಲೆ ತಮ್ಮದೇ ಎದೆಬಡಿತಕ್ಕೆ ಹೆದರುತ್ತಾರೆ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ನನ್ನ ಅಕ್ಕನ ಕೈಗೆ ತುರುಕಿ, ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಾರೆ. ಅಕ್ಕ ಅವರನ್ನು ಕಟ್ಟಿಕೊಂಡು ಕಾಲು ಶತಮಾನವಾಯಿತು. ಇಂದಿಗೂ ಅವಳು ಹಿಂದಿನಿಂದ ಬರುವಾಗ ಒಮ್ಮೆ ಕೆಮ್ಮಿಯೇ ಬರಬೇಕು.

ಡೆತ್‌ಕೋರ್ ಎಂದರೇನೆಂದು ಅರಿಯದ ಪುಣ್ಯವಂತರಿಗಾಗಿ ಎರಡು ಮಾತು. ಗುಹೆಯೊಳಗೆ ಹಂದಿಯೂ ಹುಲಿಯೂ ಆಸ್ತಿಗಾಗಿ ಜಗಳಕ್ಕೆ ಬಿದ್ದಿವೆ ಎಂದುಕೊಳ್ಳಿ, ಅದು ಗಾಯನ. ಅದೇ ಹೊತ್ತಿಗೆ ಗುಹೆಯ ಚಾವಣಿ ಕುಸಿಯುತ್ತಿದೆ, ಅದು ಡ್ರಮ್ಮು. ಇದರಲ್ಲಿ ಟೆಕ್ನಿಕಲ್ ಪಂಗಡದವರು ಗಿಟಾರಿನ ಮೇಲೆ ಬೆರಳುಗಳನ್ನು, ನೀರು ಬಿದ್ದ ಗೂಡಿನ ಇರುವೆಗಳಂತೆ ಓಡಿಸುತ್ತಾರೆ. ಮೆಲೊಡಿಕ್ ಪಂಗಡದವರು ಕುಸಿದ ಕಲ್ಲುಗಳ ಮೇಲೆ ನಿಂತು ಕಣ್ಣಲ್ಲಿ ನೀರು ತರಿಸುವಂಥ ರಾಗವೊಂದನ್ನು ಎಳೆಯುತ್ತಾರೆ. ಭಾವ ಎರಡಕ್ಕೂ ಭಕ್ತರು. ಪುಕ್ಕಲ ಶಿಖಾಮಣಿಯಾದ ನಿಮಗೆ ಇದೇಕೆ ಎಂದು ನಾನೊಮ್ಮೆ ಕೇಳಿದ್ದೆ.

"ಅಲ್ಲಿ ಹೆದರೋ ಕೆಲ್ಸಾನ ಬೇರೆಯವ್ರು ಮಾಡ್ತಾರೆ ಕಣಯ್ಯಾ," ಎಂದರು. "ಆ ಹೊತ್ತು ನಂಗೆ ರಜಾ."

ಹೊಟ್ಟೆಪಾಡಿಗೆ ಅವರು ಹೊಲಿಗೆ ಮೆಷಿನ್ ಮೆಕ್ಯಾನಿಕ್. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿಯುವ ಕಾರ್ಖಾನೆಯೊಂದರಲ್ಲಿ, ಎರಡು ಉದ್ದ ಸಾಲು ಮೆಷಿನ್‌ಗಳ ನಡುವಿನ ಓಣಿಯೇ ಅವರ ಸಾಮ್ರಾಜ್ಯ. ಆಳು ಕಡ್ಡಿಯಂತೆ ತೆಳ್ಳಗೆ; ಅಂಗಿಯ ಕಾಲರಿಗೆ ಯಾವಾಗಲೂ ಒಂದೆರಡು ಸೂಜಿ ಸಿಕ್ಕಿಸಿರುತ್ತಾರೆ. ಹೀಗಾಗಿ ಅಲ್ಲಿನ ಹೆಂಗಸರೆಲ್ಲ ಅವರಿಗೆ 'ಸೂಜಿಯಣ್ಣ' ಎಂದು ನಾಮಕರಣ ಮಾಡಿದ್ದರು. ಎಲ್ಲ ಸೂಜಿಗೂ ಕಣ್ಣಿದ್ದರೆ ನಮ್ಮ ಸೂಜಿಗೆ ಕಿವಿ. ಬಲಗಿವಿಯನ್ನು ಒಂಚೂರು ಓರೆ ಮಾಡಿಕೊಂಡು ಓಣಿಯಲ್ಲಿ ನಡೆದು ಬಂದರೆ ಸಾಕು, ಯಾವ ಮೆಷಿನ್ನಿಗೆ ಎಣ್ಣೆ ಬೇಕು, ಯಾವುದರ ಬೆಲ್ಟು ಸವೆದಿದೆ ಎಂದು ಹೇಳುತ್ತಿದ್ದರು.

ಸಂಜೆಯಾದರೆ ಅದೇ ಕಿವಿಗೆ ಎರಡನೇ ಪಾಳಿ. ಇಂಥ ಸಂಗೀತದ ಹುಚ್ಚರೆಲ್ಲ ಸೇರುವ ವೆಬ್‌ಸೈಟೊಂದಿದೆ. ಅಲ್ಲಿ ಹೊಸದಾಗಿ ಬಿಡುಗಡೆಯಾದ ಆಲ್ಬಮ್‌ಗಳ ವಿಮರ್ಶೆಯನ್ನು 'ಸೂಜಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಇವರೇ. ಮೆಷಿನ್ ನೋಡುವ ಕಣ್ಣಿನಿಂದಲೇ ಹಾಡನ್ನೂ ನೋಡುತ್ತಿದ್ದರು. 'ಈ ಡ್ರಮ್ಮರನ ಬಲಗಾಲಿಗೆ ಎಣ್ಣೆ ಬೇಕು.' 'ಎರಡನೇ ಹಾಡಿನ ನಡುವೆ ಹೊಲಿಗೆ ಬಿಟ್ಟಿದೆ.' 'ಗಾಯಕ ಬಹಳ ಚೆನ್ನಾಗಿ ನರಳುತ್ತಾನೆ. ಏಕೆಂದು ಅವನಿಗೂ ಗೊತ್ತಿದ್ದಂತಿಲ್ಲ.' ಓದುಗರು ಈ ಸೂಜಿಯನ್ನು ಯಾವುದೋ ದೊಡ್ಡ ಸ್ಟುಡಿಯೋದ ಗಡ್ಡಧಾರಿ ಎಂದು ನಂಬಿದ್ದರು.

ಈ ಎರಡು ಪಾಳಿಗಳು ಡಿಕ್ಕಿ ಹೊಡೆದದ್ದೂ ಉಂಟು. ಡೆತ್‌ಕೋರ್‌ನಲ್ಲಿ 'ಬ್ರೇಕ್‌ಡೌನ್' ಎಂದರೆ ಓಡುತ್ತಿದ್ದ ಹಾಡು ತಟ್ಟನೆ ನಿಧಾನವಾಗಿ, ಆನೆಯಂತೆ ಧೊಪ್ಪೆಂದು ಕಾಲೂರುವ ಜಾಗ. ಅದಕ್ಕಾಗಿಯೇ ಕೇಳುಗರು ಬಾಯಿ ಬಿಟ್ಟುಕೊಂಡು ಕಾದಿರುತ್ತಾರೆ. ಕಾರ್ಖಾನೆಯಲ್ಲಿ ಬ್ರೇಕ್‌ಡೌನ್ ಎಂದರೆ ಮೆಷಿನ್ ಕೆಟ್ಟಿತು ಎಂದರ್ಥ. ಒಮ್ಮೆ ಭಾವ ಮಧ್ಯಾಹ್ನದ ಬಿಡುವಿನಲ್ಲಿ ಫೋನಿನಲ್ಲಿ ಯಾರಿಗೋ, "ಮೂರು ಬ್ರೇಕ್‌ಡೌನ್ ಇದೆ ರೀ, ಒಂದಕ್ಕಿಂತ ಒಂದು ಅದ್ಭುತ!" ಎನ್ನುವುದನ್ನು ಕೇಳಿಸಿಕೊಂಡ ಮಾಲೀಕರು ಅಲ್ಲೇ ಕುರ್ಚಿ ಹಿಡಿದುಕೊಂಡು ಕುಳಿತರಂತೆ.

ಇರಲಿ. ಮಹಾಯುದ್ಧ ಶುರುವಾದದ್ದು 'ಕಪ್ಪುಮೂಳೆ' ಎಂಬ ತಂಡದ ಹೊಸ ಆಲ್ಬಮ್ಮಿನಿಂದ. ಭಾವ ಅದನ್ನು ಹೆಡ್‌ಫೋನಿನಲ್ಲಿ ಕೇಳಿದರು, ರೋಮಾಂಚನಗೊಂಡರು, ಬರೆದರು: 'ಎಲ್ಲ ಗದ್ದಲದ ಮೇಲೆ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಒಂದೇ ಒಂದು ಸಣ್ಣ ಸ್ವರ ಎಳೆಯಾಗಿ ಓಡುತ್ತದೆ. ಕೂದಲಿಗಿಂತ ತೆಳುವಾದ, ಎಲ್ಲೂ ತುಂಡಾಗದ ಸ್ವರ. ಈ ದಾರವೇ ಇಡೀ ಆಲ್ಬಮ್ಮನ್ನು ಹೊಲಿದು ಹಿಡಿದಿದೆ. ಇಂಥ ಧೈರ್ಯವನ್ನು ನಾನು ಈವರೆಗೆ ಕೇಳಿಲ್ಲ.'

ಓದುಗರು ಮುಗಿಬಿದ್ದು ಕೇಳಿದರು. ಕೇಳಿಸದಿದ್ದರೆ ಮಾನ ಉಳಿದೀತೆ? ಒಬ್ಬ 'ನನಗೂ ಕೇಳಿಸಿತು, ಮೈ ಜುಮ್ಮೆಂದಿತು' ಎಂದ. ಇನ್ನೊಬ್ಬ 'ಮೂರನೇ ಹಾಡಿನಲ್ಲಿ ಅದು ಅಳುತ್ತದೆ' ಎಂದ. ಮತ್ತೊಬ್ಬ ಮಹಾಶಯ ಅದು ಮೃತ್ಯುವಿನ ಪ್ರತೀಕವೆಂದು ಎರಡು ಪುಟ ಬರೆದ. ಹಿತ್ತಾಳೆ ಕಿವಿ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಒಬ್ಬ ಮಾತ್ರ ಒಂದು ಸಾಲು ಬರೆದಿದ್ದ. ಅವನು ತಂಡದ ಗಿಟಾರ್ ವಾದಕ. 'ಸೂಜಿಯವರೇ, ಧನ್ಯವಾದ. ಆದರೆ ಅಂಥ ಸ್ವರ ನಾವು ನುಡಿಸಿಲ್ಲ.'

ಅದನ್ನು ಓದಿದ ದಿನದಿಂದ ಭಾವನ ಮುಖ ಹಿಂಡಿದ ಬಟ್ಟೆಯಂತಾಯಿತು. ನುಡಿಸದ ಸ್ವರ ಎಲ್ಲಿಂದ ಬಂತು? ಉತ್ತರ ಅವರ ಬಲಗಿವಿಯ ಪಕ್ಕದಲ್ಲೇ ಕೂತಿತ್ತು. ಅದರ ಕಡೆ ತಿರುಗಿ ನೋಡಲು ಧೈರ್ಯ ಬೇಡವೇ? ಹಾಡು ನಿಲ್ಲಿಸಿ ಒಂದು ನಿಮಿಷ ಸದ್ದಿಲ್ಲದ ಕೋಣೆಯಲ್ಲಿ ಕುಳಿತರೆ ಗೊತ್ತಾಗಿಬಿಡುತ್ತಿತ್ತು. ಸ್ವರ ನಿಂತರೆ ಅದು ಹಾಡಿನದು. ನಿಲ್ಲದಿದ್ದರೆ ಕಿವಿ ಕೆಟ್ಟಿದೆ. ಕಿವಿ ಕೆಟ್ಟರೆ ಓಣಿಯ ಸಾಮ್ರಾಜ್ಯವೂ ಹೋಯಿತು, ಸಂಜೆಯ ರಜೆಯೂ ಹೋಯಿತು. ಆದ್ದರಿಂದ ನಮ್ಮ ವೀರಾಗ್ರಣಿ ಮೌನದ ವಿರುದ್ಧವೇ ಸಮರ ಸಾರಿದರು. ಮನೆಯಲ್ಲಿ ಫ್ಯಾನು ಗರಗರ, ರೇಡಿಯೋ ವಟವಟ. ಸ್ನಾನಕ್ಕೆ ಹೋದರೆ ನಲ್ಲಿ ಧೋ ಎನ್ನುತ್ತಲೇ ಇರಬೇಕು.

"ಚಳೀಲಿ ಫ್ಯಾನ್ ಯಾಕ್ರೀ?" ಎಂದಳು ಅಕ್ಕ, ಶಾಲು ಹೊದ್ದುಕೊಂಡು.

"ಗಾಳಿ ಬೇಕು ಕಣೇ."

"ಕಿಟಕಿ ಹಾಕ್ಕೊಂಡು ಗಾಳಿ ಬೇಕಾ? ನಿಮ್ಮ ತಲೆ ಒಳಗೆ ಏನು ಓಡ್ತಿದೆ?"

ಈ ಪ್ರಶ್ನೆ ಕೇಳಿದ್ದೇ ತಡ, ಭಾವ ಬಚ್ಚಲುಮನೆ ಸೇರಿದರು.

ಅಷ್ಟರಲ್ಲಿ ಗುರುತಿಲ್ಲದ ನಂಬರೊಂದು ಬಂತು. ಅಕ್ಕ ಎತ್ತಿದಳು, ಕೇಳಿದಳು, ಬಚ್ಚಲುಮನೆಯ ಬಾಗಿಲು ಬಡಿದಳು. "ಯಾರೋ ಗುಡುಗು ಅಂತೆ. ಮಳೆ ಬರೋ ಲಕ್ಷಣ ಕಾಣಲ್ಲ. ತಗೊಳ್ಳಿ."

ಗುಡುಗು ಎಂದರೆ ಕಪ್ಪುಮೂಳೆಯ ಡ್ರಮ್ಮರ್; ನಂಬರನ್ನು ವೆಬ್‌ಸೈಟಿನವರಿಂದ ಪಡೆದಿದ್ದನಂತೆ. ಆಲ್ಬಮ್ಮಿನಲ್ಲಿ ಬೆಟ್ಟ ಒಡೆಯುವ ಆ ಮನುಷ್ಯನ ದನಿ ಫೋನಿನಲ್ಲಿ ಇಲಿಮರಿಯಂತಿತ್ತು. "ಸಾರ್, ನೀವು ಬರ್ದಿದ್ರಲ್ಲ, ಆ ಸಣ್ಣ ಸ್ವರ... ನಂಗೂ ಕೇಳುತ್ತೆ ಸಾರ್. ತಂಡದಲ್ಲಿ ಬೇರೆ ಯಾರಿಗೂ ಕೇಳಲ್ಲ. ನಂಗೊಬ್ಬನಿಗೇ ಏನೋ ಆಗಿದೆ ಅಂದ್ಕೊಂಡು ಡಾಕ್ಟ್ರ ಹತ್ರ ಹೊರಟಿದ್ದೆ. ನೀವು ಬರೆದದ್ದು ನೋಡಿ ಜೀವ ಬಂತು."

"ನಿಂಗೂ ಕೇಳುತ್ತಾ?" ಭಾವನ ಕಣ್ಣಲ್ಲಿ ದೀಪ ಹತ್ತಿತು. "ಹಾಗಾದ್ರೆ ಅದು ಹಾಡಲ್ಲೇ ಇದೆ! ರೆಕಾರ್ಡ್ ಮಾಡುವಾಗ ಎಲ್ಲೋ ಸೇರ್ಕೊಂಡಿದೆ. ಡಾಕ್ಟ್ರು ಗೀಕ್ಟ್ರು ಏನೂ ಬೇಡ!"

"ಅಲ್ವಾ ಸಾರ್? ಏನೂ ಬೇಡ ಅಲ್ವಾ?"

ಹೀಗೆ ಇಬ್ಬರು ಹೇಡಿಗಳು ಪರಸ್ಪರ ಅಭಯ ನೀಡಿಕೊಂಡರು. ಆ ಸಂಜೆ ಭಾವ ಎರಡು ಬಟ್ಟಲು ಸಾರು ಹೆಚ್ಚಿಗೆ ಕುಡಿದರು.

ಆದರೆ ಕೆಲವು ದಿನಗಳಿಂದ ಕಾರ್ಖಾನೆಯಲ್ಲೂ ಬಲಗಡೆಯ ಸಾಲಿನ ಯಾವುದೋ ಮೆಷಿನ್ ಭಾವನಿಗೆ ಕುಯ್ ಎನ್ನುತ್ತಿತ್ತು, ಅದು ನಿಲ್ಲಲಿಲ್ಲ. ಭಾವ ಒಂದು ಮೆಷಿನ್ ಬಿಚ್ಚಿದರು, ತಪ್ಪಿಲ್ಲ. ಪಕ್ಕದ್ದನ್ನು ಬಿಚ್ಚಿದರು, ಅದೂ ಚಿನ್ನದಂತಿತ್ತು. ಹಿಂದಿರುಗಿ ಬರುವಾಗ ಕುಯ್ ಎನ್ನುವ ಸದ್ದು ಎಡಗಡೆಯ ಸಾಲಿಗೆ ದಾಟಿಕೊಂಡಿತ್ತು. ತಾವೇ ತಿರುಗಿ ನಡೆಯುತ್ತಿದ್ದೇವೆ, ಬಲಗಿವಿಯೂ ಜೊತೆಗೇ ತಿರುಗಿದೆ ಎಂಬುದು ಅವರಿಗೆ ಹೊಳೆಯಲಿಲ್ಲ, ಅಥವಾ ಹೊಳೆಯುವುದಕ್ಕೆ ಅವರು ಬಿಡಲಿಲ್ಲ. ಎಣ್ಣೆಯ ಡಬ್ಬಿ ಹಿಡಿದು ಬೆವರುತ್ತ ನಿಂತವರನ್ನು ಸೂಪರ್‌ವೈಸರಮ್ಮ ಮಾತಾಡಿಸಿದರು. "ಏನ್ ಸೂಜಿಯಣ್ಣ, ಚೆನ್ನಾಗಿರೋ ಮೆಷಿನ್ನಿಗೆಲ್ಲ ಆಪರೇಷನ್ ಮಾಡ್ತಿದ್ದೀರಿ? ಬಿಳಿ ಕೋಟು ಹೊಲಿದೂ ಹೊಲಿದೂ ನೀವೇ ಡಾಕ್ಟ್ರಾಗಿಬಿಟ್ರಾ?"

ಹೆಂಗಸರು ಕಿಸಕ್ಕೆಂದರು. ಆಗಲೇ ಕರೆಂಟು ಹೋಯಿತು.

ಎರಡೂ ಸಾಲಿನ ಮೆಷಿನ್‌ಗಳು ಒಮ್ಮೆಗೇ ನಿಂತವು. ಫ್ಯಾನುಗಳು ಸುಸ್ತಾಗಿ ಸುತ್ತಿ ಸುತ್ತಿ ನಿಂತವು. ಯಾಕೋ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಭಾವ ಇಷ್ಟು ದಿನ ತಪ್ಪಿಸಿಕೊಂಡು ಓಡುತ್ತಿದ್ದ ಮೌನ ಹಗಲು ಹೊತ್ತಿನಲ್ಲೇ, ಎಲ್ಲರ ಎದುರೇ ಅವರನ್ನು ಹಿಡಿದು ನಿಲ್ಲಿಸಿತು. ಅವರು ಬಲಗಿವಿ ಓರೆ ಮಾಡಿದರು.

"ಯಾವ ಮೆಷಿನ್ ಇನ್ನೂ ಓಡ್ತಿದೆ?" ಎಂದರು.

ಯಾರೂ ನಗಲಿಲ್ಲ. ಸೂಪರ್‌ವೈಸರಮ್ಮ ಹತ್ತಿರ ಬಂದು ಮೆಲ್ಲಗೆ, "ಕರೆಂಟೇ ಇಲ್ವಲ್ಲಣ್ಣ," ಎಂದರು. ಎಣ್ಣೆಯ ಡಬ್ಬಿಯನ್ನು ಅವರ ಕೈಯಿಂದ ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂರಿಸಿದರು. ಕುಡಿಯಲು ಕೊಟ್ಟ ನೀರು ಅಂಗಿಯ ಮೇಲೆಲ್ಲ ಚೆಲ್ಲಿತಂತೆ.

ಮರುದಿನ ಕಿವಿಯ ಡಾಕ್ಟರ ಬಳಿಗೆ ನಾನೂ ಅಕ್ಕನೂ ಅವರನ್ನು ನಡುವೆ ಹಾಕಿಕೊಂಡು ನಡೆದೆವು. ನೋಡಿದವರು ಕಳ್ಳನನ್ನು ಠಾಣೆಗೆ ಒಯ್ಯುತ್ತಿದ್ದಾರೆ ಎಂದುಕೊಂಡಿರಬೇಕು. ಕಿವಿ ಪರೀಕ್ಷೆಗೆ ಅಲ್ಲೊಂದು ಪುಟ್ಟ ಕೋಣೆ. ಗೋಡೆಗೆಲ್ಲ ಮೆತ್ತೆ, ಹೊರಗಿನ ಪಿಸುಮಾತೂ ಒಳಹೋಗದ ಬಾಗಿಲು. ಲಿಫ್ಟೂ ಮೌನವೂ ಸೇರಿ ಹುಟ್ಟಿದ ಕೂಸಿನಂತಿದ್ದ ಅದರೊಳಗೆ ಭಾವನನ್ನು ಕೂರಿಸಿದರು. ಪರೀಕ್ಷೆ ಮಾಡುವ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ಸಣ್ಣ ಸದ್ದು ಕೇಳಿದಾಗೆಲ್ಲ ಇದನ್ನ ಒತ್ತಿ ಸಾರ್."

ಭಾವ ಒತ್ತಿದರು. ಒತ್ತಿಯೇ ಹಿಡಿದರು.

ಹುಡುಗಿ ಗಾಜಿನಾಚೆಯಿಂದ ಮೈಕಿನಲ್ಲಿ, "ಸಾರ್, ನಾನಿನ್ನೂ ಶುರುನೇ ಮಾಡಿಲ್ಲ," ಎಂದಳು.

ಗಾಜಿನೊಳಗೆ ಅವರ ಮುಖ ನೋಡಿ ಅಕ್ಕ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಳು. ನಾನು ಯಾವುದಕ್ಕೂ ತಮಾಷೆ ಹುಡುಕುವವನು. ಅಲ್ಲಿ ನನಗೇನೂ ಸಿಗಲಿಲ್ಲ.

ಡಾಕ್ಟರು ಸುತ್ತು ಬಳಸದ ಮನುಷ್ಯ. ಬಲಗಿವಿಗೆ ಮೇಲಿನ ಸ್ಥಾಯಿಯ ಸ್ವರಗಳು ಕೇಳುವುದು ಕಡಿಮೆಯಾಗಿದೆ, ಅವು ಇದ್ದ ಜಾಗದಲ್ಲಿ ಈ ಸಿಳ್ಳೆ ಬಂದು ಕೂತಿದೆ ಎಂದರು. "ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಬಹುದು. ಸಿಳ್ಳೆ ಬಹುಶಃ ಇರುತ್ತೆ. ದಿನ ಕಳೆದ ಹಾಗೆ ಮನಸ್ಸು ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಡುತ್ತೆ."

"ಯಾವುದರಿಂದ ಆಯ್ತು ಡಾಕ್ಟ್ರೇ? ಮೆಷಿನ್ನಾ, ಹಾಡಾ?"

"ಹಗಲೆಲ್ಲ ಅದು, ಸಂಜೆಯೆಲ್ಲ ಇದು. ನಿಮ್ಮ ಕಿವಿಗೆ ರಜಾನೇ ಇಲ್ವಲ್ರೀ."

ರಜಾ ಎಂಬ ಮಾತು ಕೇಳಿ ಭಾವ ತಲೆ ತಗ್ಗಿಸಿದರು. ಕಾರ್ಖಾನೆಯಲ್ಲಿ ಕಿವಿಗೆ ಬೆಣೆ ಹಾಕಿಕೊಳ್ಳಬೇಕು, ಸಂಜೆ ಹಾಡು ಕೇಳಿದರೂ ಪಕ್ಕದವರ ಮಾತು ಕೇಳುವಷ್ಟು ಮೆಲ್ಲಗಿರಬೇಕು ಎಂದಾಯಿತು. ಡೆತ್‌ಕೋರನ್ನು ಮೆಲ್ಲಗೆ ಕೇಳುವುದೆಂದರೆ ಹುಲಿಯನ್ನು ಚೀಲದಲ್ಲಿ ಹಾಕಿ ಮುದ್ದಾಡಿದಂತೆ. ಆದರೂ ಮೂಗು ಮುರಿಯದೆ ಒಪ್ಪಿದರು.

ಮನೆಗೆ ಬಂದವರೇ ಅಕ್ಕನಿಗೆ, "ಫೋನ್ ಕೊಡು," ಎಂದರು.

"ಯಾರಿಗೆ ಮಾಡ್ಬೇಕು ಹೇಳಿ, ಹಚ್ಚಿ ಕೊಡ್ತೀನಿ."

"ನಾನೇ ಮಾಡ್ತೀನಿ."

ಅಕ್ಕ ನನ್ನ ಮುಖ ನೋಡಿದಳು. ಭಾವ ತಾವಾಗಿಯೇ ಒಬ್ಬರಿಗೆ ಫೋನ್ ಮಾಡುವ ದೃಶ್ಯವನ್ನು ಅವಳು ಕಂಡಿರಲಿಲ್ಲ. "ವಿಮರ್ಶೆಗೆ ತಿದ್ದುಪಡಿ ಹಾಕ್ಬೇಕು," ಎಂದರು ಅವರು. "ಅದಕ್ಕೆ ಮುಂಚೆ ಆ ಹುಡುಗನಿಗೆ ಹೇಳ್ಬೇಕು. ಡಾಕ್ಟ್ರು ಬೇಡ ಅಂದವನು ನಾನು."

ಗುಡುಗು ಮೊದಲ ಗಂಟೆಗೇ ಎತ್ತಿದ. "ಸಾರ್! ಹೇಳಿ ಸಾರ್!"

"ಎಲ್ಲಿದ್ದೀಯಪ್ಪ?"

"ರೂಮಲ್ಲಿ ಸಾರ್. ಫ್ಯಾನ್ ಹಾಕ್ಕೊಂಡು ಮಲಗಿದ್ದೆ."

"ಫ್ಯಾನ್ ಆರಿಸು."

"ಯಾಕೆ ಸಾರ್?"

"ಆರಿಸಪ್ಪ. ಕಿಟಕಿನೂ ಹಾಕು." ಹಾಗೆಂದು ಭಾವ ಎದ್ದು ನಮ್ಮ ಫ್ಯಾನನ್ನೂ ಆರಿಸಿದರು. "ಈಗ ಏನು ಕೇಳುತ್ತೆ?"

ಆ ಕಡೆ ಸ್ವಿಚ್ಚು ಟಕ್ಕೆಂದಿತು, ಕಿಟಕಿ ಮುಚ್ಚಿಕೊಂಡಿತು. ಆಮೇಲೆ ಇಲಿಮರಿಯ ದನಿ: "ಹಾಡಲ್ಲಿದೆ ಅಂತ ನೀವೇ ಬರೆದಿದ್ರಲ್ಲ ಸಾರ್."

"ತಪ್ಪು ಬರ್ದೆ. ಅದು ನನ್ನ ಕಿವಿ. ಇವತ್ತು ತೋರಿಸ್ಕೊಂಡು ಬಂದೆ. ನಿನ್ನದೂ ಅದೇ ಇರ್ಬೇಕು."

"ನಂಗೆ ಗೊತ್ತಿತ್ತು ಸಾರ್."

"ನಂಗೂ ಗೊತ್ತಿತ್ತು."

"ತುಂಬ ಭಯ ಆಗುತ್ತೆ ಸಾರ್. ಡ್ರಮ್ ಬಿಟ್ರೆ ನಂಗೆ ಬೇರೇನೂ ಬರಲ್ಲ."

"ಹೆದರೋದ್ರಲ್ಲಿ ನಾನು ನಿನಗಿಂತ ಸೀನಿಯರು, ನನ್ನ ಮಾತು ಕೇಳು. ನಾಳೆ ಬೆಳಿಗ್ಗೆ ಹೋಗು. ಕಿವಿಗೆ ಏನಾದ್ರೂ ಹಾಕ್ಕೊಂಡು ಬಾರ್ಸು. ಒಬ್ನೇ ಹೋಗೋಕೆ ಭಯ ಆದ್ರೆ ಹೇಳು, ಬರ್ತೀನಿ." ಸ್ವಲ್ಪ ತಡೆದು, "ಇಬ್ರೂ ಸೇರಿ ಹೆದರ್ಕೊಂಡು ಹೋಗೋಣ," ಎಂದರು.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಅವನು, ನಿಮ್ಮ ಕಿವಿಯ ಸ್ವರ ಹೇಗಿದೆ ಎಂದು ಕೇಳಿದ. ಭಾವ ಕಣ್ಣು ಮುಚ್ಚಿ, ತುಟಿ ಚೂಪು ಮಾಡಿ, ಫೋನಿಗೆ ಸಣ್ಣಗೆ ಒಂದೇ ಸಮ ಸಿಳ್ಳೆ ಹಾಕಿದರು. ಆಮೇಲೆ ಫೋನನ್ನು ಎಡಗಿವಿಗೆ ಬದಲಾಯಿಸಿಕೊಂಡು ಅವನ ಸಿಳ್ಳೆ ಕೇಳಿದರು.

"ಏನ್ರೀ ಅದು, ಯಾರಿಗೆ ಸಿಳ್ಳೆ ಹೊಡೀತಿದ್ದೀರಿ ಈ ವಯಸ್ನಲ್ಲಿ?" ಎಂದಳು ಅಕ್ಕ.

"ಶ್ರುತಿ ಸೇರುತ್ತಾ ನೋಡ್ತಿದ್ದೀವಿ ಕಣೇ."

"ಸೇರ್ತಾ?"

"ಇಲ್ಲ. ಅವನ್ದು ಒಂಚೂರು ಕೆಳಗಿದೆ." ಫೋನ್ ಇಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡರು. "ಚಿಕ್ಕ ಹುಡುಗ ಪಾಪ."

ಆಮೇಲೆ ಎದ್ದು ಹೋಗಿ ಫ್ಯಾನು ಹಾಕಿದರು, ಮೆಲ್ಲಗೇನಲ್ಲ, ಎಷ್ಟು ಜೋರಾಗಿ ತಿರುಗೀತೋ ಅಷ್ಟು ಜೋರಾಗಿ. ಅಕ್ಕ ಶಾಲು ತರಲು ಹೋದಳು, ಬರುವಾಗ ಒಮ್ಮೆ ಕೆಮ್ಮಿದಳು.