ಬಿಸಿಲಿಗೆ ತಂದ ಟಿವಿ

ಹೆಂಡತಿಯ ಕಣ್ಣಿನ ನರ ಸೊರಗುತ್ತಿದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಹನಿ ಹಾಕುತ್ತಿದ್ದರೆ ಕಾಯಿಲೆ ನಿಧಾನವಾಗಬಹುದು, ಹೋದ ದೃಷ್ಟಿ ಮಾತ್ರ ಮರಳುವುದಿಲ್ಲ. ಓದುವುದು ಆಗಲೇ ನಿಂತಿತ್ತು. ಉಳಿದದ್ದು ಹಳೆಯ ಕಪ್ಪು-ಬಿಳುಪು ಸಿನಿಮಾಗಳು. ನಮ್ಮ ಟಿವಿಯಲ್ಲಿ ಕಪ್ಪೆಂದರೆ ಬೂದಿ ಬಣ್ಣ. ಕತ್ತಲೆಯ ದೃಶ್ಯ ಬಂತೆಂದರೆ ಅವಳಿಗೆ ಮುಖಗಳೇ ತಿಳಿಯುತ್ತಿರಲಿಲ್ಲ.

"ರೀ, ಈಗ ಯಾರು ಬಂದ್ರು?" ಎನ್ನುವಳು. "ಯಾರೋ ಮೀಸೆಯವನು" ಎಂದು ನಾನು ಮತ್ತೆ ಪೇಪರಿಗೆ ತಲೆ ಹಾಕುತ್ತಿದ್ದೆ.

ಒಎಲ್‌ಇಡಿ ಟಿವಿಯಲ್ಲಿ ಕಪ್ಪು ಅಪ್ಪಟ ಕಪ್ಪಾಗಿರುತ್ತದೆ, ಅಮ್ಮನಿಗೆ ಅನುಕೂಲವಾಗಬಹುದು ಎಂದು ಮಗಳು ಹೇಳಿದಳು. ನಾನು ವಿಚಾರಿಸಲು ಶುರು ಮಾಡಿದೆ. ಮಾಮೂಲ್‌ಪೇಟೆಯಲ್ಲಿ ನಲವತ್ತು ವರ್ಷ ಲೈನಿಂಗ್ ಬಟ್ಟೆ, ಲೇಸು ಮಾರಿದವನು ನಾನು. ನಮ್ಮಲ್ಲಿ ಅಂಗಡಿಯ ದೀಪವನ್ನು ಯಾರೂ ನಂಬುವುದಿಲ್ಲ. ಬಟ್ಟೆಯ ತುಂಡನ್ನು ಬೀದಿಗೆ ತಂದು, ಬಿಸಿಲಿಗೆ ಹಿಡಿದ ಮೇಲೆಯೇ ಮಾತು.

ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಒಎಲ್‌ಇಡಿ ಪರದೆಯ ಮೇಲೆ ಅದರ ಕಲೆ ಉಳಿದುಬಿಡುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಈಗ ಹಾಗೇನಿಲ್ಲ ಎನ್ನುವವರನ್ನೂ ಓದಿದೆ. ಮೀನಮೇಷ ಎಣಿಸುವುದರಲ್ಲೇ ಮಳೆಗಾಲ ಮುಗಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಗಳಿಗೆ ಉಪದೇಶವನ್ನೂ ಮಾಡಿದೆ. ಅವಳು ಕೇಳುವುದನ್ನೇ ಬಿಟ್ಟಳು.

ಕೊನೆಗೊಂದು ಬೆಳಗ್ಗೆ ಗಂಡಹೆಂಡತಿ ಸಂಪಿಗೆ ರಸ್ತೆಯ ಅಂಗಡಿಗೆ ಹೋದೆವು. ಒಳಗಿನ ಕತ್ತಲೆ ಕೋಣೆಯಲ್ಲಿ ಸಾಲಾಗಿ ಟಿವಿಗಳು ಹೊಳೆಯುತ್ತಿದ್ದವು. ಸೇಲ್ಸ್‌ನ ಹೆಣ್ಣುಮಗಳಿಗೆ ನಾನು, "ಒಂದನ್ನ ಬಾಗಿಲಿಗೆ ತರಿಸಮ್ಮಾ, ಬಿಸಿಲಲ್ಲಿ ನೋಡ್ಬೇಕು" ಎಂದೆ.

"ಸರ್, ಟಿವೀನ ಯಾರೂ ಬಿಸಿಲಲ್ಲಿ ನೋಡಲ್ಲ."

ನಾನು ಬಿಡಲಿಲ್ಲ. ಇಬ್ಬರು ಹೊತ್ತು ತಂದು ಬಾಗಿಲ ಬಳಿ ನಿಲ್ಲಿಸಿ, ವೈರು ಎಳೆದು ಆನ್ ಮಾಡಿದರು. ಪರದೆಯಲ್ಲಿ ಕಂಡದ್ದು ನನ್ನ ಬೋಳುತಲೆ, ಹಿಂದೆ ನಿಂತ ಆಟೋಗಳು. "ನೋಡಿದ್ರಾ?" ಎಂದೆ, ಕೇಸು ಗೆದ್ದವನಂತೆ.

ಹೆಂಡತಿ ಒಳಗೇ ಕೂತಿದ್ದಳು. ಕರೆಯಲು ಹೋದರೆ, ಎದುರಿನ ಒಎಲ್‌ಇಡಿಯಲ್ಲಿ ಯಾವುದೋ ರಾತ್ರಿಯ ಕಾಡು. "ಮರದ ಹಿಂದೆ ಒಬ್ಬಳು ನಿಂತಿದಾಳೆ" ಎಂದಳು. ಬಗ್ಗಿ ನೋಡಿದೆ. ನಿಂತಿದ್ದಳು. ಹೇಳುವವರೆಗೆ ನನಗೇ ಕಂಡಿರಲಿಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಕಲೆ ಬೀಳುತ್ತದೆಯೇ, ಎಷ್ಟು ವರ್ಷ ಬಾಳಿಕೆ ಎಂದು ಸೇಲ್ಸ್‌ನವಳನ್ನು ಕೇಳಿದೆ.

"ನೀವು ನೋಡೋ ರೀತಿ ಮೇಲೆ ಹೋಗುತ್ತೆ ಸರ್. ಏಳೆಂಟು ವರ್ಷ ಆರಾಮಾಗಿ ಬರುತ್ತೆ."

"ಏಳೆಂಟೇನಾ? ನಮ್ಮ ಹಳೇದು ಹದಿಮೂರು ವರ್ಷ ಬಂತು."

ಹೆಂಡತಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಅದು ಎಷ್ಟು ವರ್ಷ ಬರುತ್ತೆ ಅಂತ ಊರೆಲ್ಲ ಕೇಳ್ಕೊಂಡ್ ಬರ್ತಿದೀರಿ. ನನ್ನ ಕಣ್ಣು ಎಷ್ಟು ದಿನ ಬರುತ್ತೆ ಅಂತ ಡಾಕ್ಟರನ್ನ ಒಂದ್ಸಲಾನೂ ಕೇಳ್ಲಿಲ್ಲ."

ದನಿಯಲ್ಲಿ ಕೋಪವಿರಲಿಲ್ಲ. ನನಗೆ ನಾಚಿಕೆಯಾಯಿತು. ಡಾಕ್ಟರ ಎದುರು ಪ್ರತಿ ಸಲವೂ ಆ ಪ್ರಶ್ನೆ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಉತ್ತರಕ್ಕೆ ಹೆದರಿದ್ದೆ. ಟಿವಿಯ ಬಗ್ಗೆಯಾದರೆ ಯಾರನ್ನು ಬೇಕಾದರೂ ಕೇಳಬಹುದಿತ್ತು.

"ನಾಳೆ ಸಂಜೆ ಮನೆಗೆ ಕಳಿಸ್ಲಾ ಸರ್?" ಎಂದಳು ಸೇಲ್ಸ್‌ನವಳು.

"ಬೇಡಮ್ಮ" ಎಂದೆ. "ಇವತ್ತೇ ಕಳಿಸಿ."