ಯುದ್ಧನೌಕೆಯ ಅಡಗಿಮನಿ ಬಾಗಿಲು

ಬೈಲಹೊಂಗಲದಾಗ ಕೂತು ಯುದ್ಧನೌಕೆ ಕಟ್ಟೋ ಮನುಷ್ಯಾನ್ನ ಜನ ಹೆಂಗ ನೋಡತಾರ ಅನ್ನೋದನ್ನ ಬ್ಯಾರೆ ಹೇಳಬೇಕಾಗಿಲ್ಲ. ನಮ್ಮ ಕಡೆ ದೊಡ್ಡ ನೀರು ಅಂದ್ರ ಸವದತ್ತಿ ಡ್ಯಾಮು. ನಾ ಕಟ್ಟೋವು ಮೊಳದುದ್ದದ ಮಾದರಿ. ಸಾಗವಾನಿ ಚೂರು, ರಟ್ಟು, ಸೈಕಲ್ ಕಡ್ಡಿ, ಇಷ್ಟಽ ಸಾಮಾನು. ಒಮ್ಮೆ ಕಿತ್ತೂರಿನ ಒಂದು ಸಾಲಿ ಪ್ರದರ್ಶನದಾಗ ಇಟ್ಟಿದ್ದೆ. ಹಿರಿಯರೊಬ್ಬರು ಸುತ್ತಽ ತಿರುಗಿ ನೋಡಿ, "ಸಕ್ಕರಿ ಫ್ಯಾಕ್ಟರಿ ಭಾಳ ಛಲೋ ಮಾಡೀರಿ" ಅಂದ್ರು. ಚಿಮಣಿ ಇತ್ತಲ್ಲ, ಪಾಪ, ಅವರದೇನು ತಪ್ಪು.

ಆದ್ರ ಇಂಟರ್ನೆಟ್ಟಿನಾಗ ನಾ ದೊಡ್ಡ ಮನುಷ್ಯಾ. ಅಲ್ಲಿ ಹಡಗದ ಮಾದರಿ ಕಟ್ಟೋರದ್ದು ಒಂದು ಗುಂಪು ಅದ, ಯಾವ್ಯಾವ ದೇಶದವರೋ. ಎಲ್ಲಾರಿಗೂ ಒಂದಽ ಹಸಿವು: ನಕ್ಷಾ. ನಮ್ಮ ನೌಕಾಪಡೆಯ ಒಂದು ಹಳೇ ಹಡಗ, ಈಗ ಗುಜರಿಗೆ ಹೋಗಿ ಕರಗಿದ್ದು, ಅದರ ಪೂರ್ತಿ ನಕ್ಷಾ ಮಾತ್ರ ಯಾರ ಕಡೆನೂ ಇರಲಿಲ್ಲ. ಎರಡು ವರ್ಷ ಹುಡುಕಿದೆ. ಒಬ್ಬಾಂವ ಮಸುಕಾದ ಹಾಳಿ ಕಳಿಸಿದ, ಇನ್ನೊಬ್ಬಾಂವ ಅರ್ಧಾ ಹರಿದದ್ದು. ಹೈಸ್ಕೂಲಿನಾಗ ಚಿತ್ರಕಲಾ ಮಾಸ್ತರಿಕಿ ಮಾಡಿದ ಕೈ ನಂದು. ಎಲ್ಲಾ ಕೂಡಿಸಿ, ಅಳತಿ ಹಾಕಿ, ಪೆನ್ಸಿಲಿನಾಗ ಪೂರ್ತಿ ನಕ್ಷಾ ತಗದೆ.

ಇನ್ನ ಹಂಚಬೇಕಲ್ಲ. ಹೆಸರು ಬರಬೇಕು ಅಂತ ಆಸೆ, ಕೊಡಲಿಕ್ಕೆ ಹೊಟ್ಟಿಕಿಚ್ಚು. ನಮ್ಮವ್ವ ಓಣಿಯವರಿಗೆ ಚಟ್ನಿಪುಡಿ ಮಾಡೋದನ್ನ ಬಾಯಿತುಂಬ ಹೇಳಿಕೊಡತಿದ್ಲು, ಒಂದಽ ಒಂದು ಸಾಮಾನು ಬಿಟ್ಟು. ಯಾರ ಮನ್ಯಾಗೂ ಆಕಿ ಪುಡಿಯ ರುಚಿ ಬರತಿರಲಿಲ್ಲ. ನಾ ಆಕಿ ಮಗಾ. ಹಂಚೋ ಪ್ರತಿಯೊಳಗ ಒಂದು ಸುಳ್ಳು ಇಟ್ಟೆ, ನಾಳೆ ಯಾರರೆ ನನ್ನ ನಕ್ಷಾ ತಮ್ಮದು ಅಂದ್ರ ಹಿಡೀಲಿಕ್ಕೆ ಬರಲಿ ಅಂತ. ತೋಪು ಸರಿಸಿದ್ರ ಅವತ್ತಽ ಸಿಕ್ಕೊಂಡು ಬೀಳತಿದ್ದೆ. ಯುದ್ಧನೌಕೆಯ ಅಡಗಿಮನಿ ಬಾಗಿಲು ಯಾರು ನೋಡತಾರ? ಎಡಗಡೆ ಇದ್ದದ್ದನ್ನ ಬಲಗಡೆ ತಗದೆ. ಗುಂಪಿನವರು ಹೊಗಳಿ ಹೊಗಳಿ ಸುಸ್ತಾದ್ರು. ಇಷ್ಟು ಕರಾರುವಾಕ್ಕಾದ ನಕ್ಷಾ ಹಿಂದ ಯಾರೂ ಕೊಟ್ಟಿಲ್ಲ ಅಂದ್ರು.

ಆಮ್ಯಾಲ ರಾಮದುರ್ಗದ ಕಡೆಯಿಂದ ಒಂದು ಫೋನು ಬಂತು. ಒಕ್ಕಲುತನದ ಮನಿಯವರು, ನೌಕಾಪಡೆಯಿಂದ ರಿಟೈರ್ ಆದವರು. ಅದಽ ಹಡಗದಾಗ ವರ್ಷಾನುಗಟ್ಟಲೆ ಅಡಗಿ ಮಾಡಿದವರು. "ಹೆಂಡತಿಗೆ ತೋರಸಬೇಕ್ರಿ. ಆಕಿ ಹಡಗ ನೋಡೇ ಇಲ್ಲ. ನಾನಽ ಕಟ್ಟತೇನಿ, ನಕ್ಷಾ ಕೊಡ್ರಿ" ಅಂದ್ರು. ಕೊಟ್ಟೆ. ಯಾವ ಪ್ರತಿ? ಎಲ್ಲಾರಿಗೂ ಕೊಟ್ಟದ್ದು. ಅಡಗಿ ಮಾಡತಿದ್ದೆ ಅಂತ ಅವರು ಬಾಯಿಬಿಟ್ಟು ಹೇಳಿದ್ರೂ ನನ್ನ ತಲ್ಯಾಗ ಹೊಳೀಲಿಲ್ಲ ನೋಡ್ರಿ. ಹೊಗಳಿಕಿ ಅಷ್ಟು ಏರಿತ್ತು.

ವರ್ಷ ಕಳದ ಮ್ಯಾಲ ಅವರಽ ಬಂದ್ರು. ಸವದತ್ತಿಯಾಗ ಬಸ್ ಬದಲಿಸಿ, ಹಡಗ ಕೌದಿಯಾಗ ಸುತ್ತಿ, ಕೂಸಿನಂಗ ತೊಡಿಮ್ಯಾಲ ಇಟಗೊಂಡು ಬಂದಿದ್ರು. ಬಿಚ್ಚಿದ್ರು. ಅಯ್ಯಯ್ಯ, ಏನು ಕೈ! ನಂದಕ್ಕಿಂತ ಛಲೋ ಆಗಿತ್ತು. ಖರೇ ಹೇಳತೇನಿ, ನನಗ ಹೊಟ್ಟಿ ಉರೀತು.

"ಭಾಳ ಉಪಕಾರ ಆತ್ರಿ ಮಾಸ್ತರ. ನಿಮ್ಮ ನಕ್ಷಾ ಇಲ್ಲದಿದ್ರ ನಾ ತಪ್ಪ ಕಟ್ಟತಿದ್ದೆ" ಅಂದ್ರು. "ಇಷ್ಟ ವರ್ಷ ಹೆಂಡತಿ ಮುಂದ ಏನ ಹೇಳಕೋತ ಬಂದೇನಿ ಗೊತ್ತೈತೇನ್ರಿ? ಅಡಗಿಮನಿ ಎಡಗಡಿ ಬಾಗಿಲಾ ದಾಟಿ ಹೊರಗ ಬರತಿದ್ದೆ, ಉಳ್ಳಾಗಡ್ಡಿ ಚೀಲದ ಮ್ಯಾಲ ಕುಂತು ನಿನಗ ಪತ್ರ ಬರೀತಿದ್ದೆ ಅಂತ. ಈಗ ನೋಡಿದ್ರ ಬಾಗಿಲಾ ಬಲಗಡಿ ಐತಿ!"

ನಕ್ಕರು. ಆಮ್ಯಾಲ ಸಣ್ಣ ದನಿಯಾಗ ಹೇಳಿದ್ರು: "ಅಪ್ಪಾಗ ಮರುವು ಶುರುವಾಗೈತಿ ಅಂತ ಮಗಾ ಅಂತಾನ್ರಿ. ನಾ ಜಗಳಾಡತಿದ್ದೆ. ಈ ಬಾಗಿಲಾ ನೋಡಿದ ಮ್ಯಾಲ ಜಗಳ ಬಿಟ್ಟೆ. ಮುಂದಿನ ವಾರ ಬೆಳಗಾವಿಗೆ, ಡಾಕ್ಟರ್ ಕಡೆ ಹೊಂಟೇವಿ."

ನಾಚಿಕಿ ಅಂದ್ರ ಏನು ಅನ್ನೋದು ಅವತ್ತು ಗೊತ್ತಾತು. "ನಿಮ್ಮ ನೆನಪು ಖರೇ ಅದರಿ. ಬಾಗಿಲು ಎಡಗಡೇನಽ. ನಾನಽ ಬೇಕಂತ ಸರಿಸೇನಿ" ಅಂತ ಹೇಳಿಬಿಟ್ಟೆ.

ಅವರು ನನ್ನ ಮಾರಿ ನೋಡಿ ಸಾವಕಾಶ ತಲಿ ಅಲ್ಲಾಡಿಸಿದ್ರು. "ನನ್ನ ಸಮಾಧಾನಕ್ಕ ಹೇಳಾಕ ಹತ್ತೀರಿ."

ಕಪಾಟಿನಿಂದ ಪೆನ್ಸಿಲ್ ನಕ್ಷಾ ತಂದು ಹಾಸಿದೆ. ದೈವ ನೋಡ್ರಿ, ಸುಳ್ಳನ್ನ ಮೊದಲು ಇದಽ ಹಾಳಿಮ್ಯಾಲ ತಗದು ನೋಡಿ, ಅಳಿಸಿ ಸರಿ ಮಾಡಿ ಇಟ್ಟಿದ್ದೆ. ಬಾಗಿಲಿದ್ದಲ್ಲಿ ರಬ್ಬರು ತಿಕ್ಕಿದ ಕಲಿ ಎದ್ದು ಕಾಣತಿತ್ತು. ಅವರು ಅದರ ಮ್ಯಾಲ ಬೆರಳಿಟ್ಟು, "ಇದನ್ನ ಈಗ ಅಳಿಸಿ ತಿದ್ದೀರಲ್ರಿ" ಅಂದ್ರು. ಗುಂಪಿನವರು ಕಳಿಸಿದ ಮೂಲ ಹಾಳಿ ಫೋನಿನಾಗ ತೋರಿಸಿದೆ. ಆ ಮಸುಕಿನಾಗ ಬಾಗಿಲು ನನಗ ಕಾಣತಿತ್ತು, ಅವರಿಗೆ ಕಾಣಲಿಲ್ಲ. ಗುಂಪಿನವರು ಕಟ್ಟಿದ ಹಡಗದ ಫೋಟೋ ಮಾತ್ರ ಸ್ವಚ್ಛ ಕಂಡ್ವು. ಜರ್ಮನಿಯಾಂವಂದು, ಜಪಾನಿನಾಂವಂದು, ಎಲ್ಲಾದ್ರಾಗೂ ಬಾಗಿಲು ಬಲಗಡೆ.

"ಇಷ್ಟ ಮಂದಿ ತಪ್ಪ ಕಟ್ಟತಾರೇನ್ರಿ?" ಅಂದ್ರು. "ಮಾಸ್ತರ, ನೀವು ದೊಡ್ಡ ಮನಸಿನವರು. ನನ್ನ ಸಲುವಾಗಿ ನಿಮ್ಮ ಹೆಸರಽ ಕೆಡಿಸ್ಕೊಳ್ಳಾಕ ತಯಾರಾದ್ರಿ." ಕೈ ಮುಗದ್ರು.

ಆಣಿ ಹಾಕಿದೆ, ಸಿಟ್ಟಿಗೆದ್ದೆ, ಕಡೀಕ ಒದರಾಡಿದೆ. ಒದರಿದಷ್ಟೂ ನನ್ನ ಮ್ಯಾಲಿನ ಗೌರವ ಏರಕೋತ ಹೋತು. ಬಸ್ ಸ್ಟ್ಯಾಂಡಿನ ತನಕಾ ಹೋಗಿ ಹತ್ತಿಸಿದೆ. ಬಸ್ಸಿನಾಗ ಕುಂತವರಿಗೆ, "ಇಂಥಾ ಮನಶ್ಯಾ ಸಿಗೂದಿಲ್ರಿ" ಅಂತ ನನ್ನ ತೋರಿಸಿದ್ರು. ಗುಂಪಿಗೂ ಬರದು ಒಪ್ಪಿಕೊಂಡೆ. ನಿಮ್ಮ ವಿನಯ ಭಾಳ ದೊಡ್ಡದು ಅಂತ ಉತ್ತರ ಬಂತು.

ಎರಡು ವಾರ ಬಿಟ್ಟು ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದ್ರು.

"ಏನೂ ಆಗಿಲ್ಲ, ಗಟ್ಟಿ ಅದಾರ ಅಂದಾರ್ರಿ ಡಾಕ್ಟರು" ಅಂದ್ರು. "ಆದ್ರ ಮೊದಲಿನಂಗ ಹಡಗದ ಮಾತು ಆಡೂದಿಲ್ಲ. ಶುರು ಮಾಡತಾರ, ನಡುವ ನಿಂದರತಾರ. ಹೌದಿಲ್ಲೋ ಅಂತ ನನ್ನ ಕೇಳತಾರ. ನಾ ಎಲ್ಲಿ ಹಡಗ ನೋಡೇನ್ರಿ ಮಾಸ್ತರ? ಹೂಂ ಅಂತೇನಿ."